ಪದ ಪರಿಚಯ: ಆಮೆನ್

ಆಮೆನ್: ಕ್ರೈಸ್ತ ಪ್ರಾರ್ಥನೆಯ ಕೊನೆಯಲ್ಲಿ ಕೇಳಿಬರುವ ಈ ಪದಕ್ಕೆ ‘ತಥಾಸ್ತು’ ಎಂದು ಅರ್ಥ ಹೇಳುವುದು ರೂಢಿ. ಅದು ಪೂರ್ತಿ ಸರಿಯಲ್ಲ. ತಥಾಸ್ತು ಎನ್ನುವವರು ವರ ಕೊಡುವವರು. ಆಮೆನ್ ಎನ್ನುವವರು ಬೇಡುವವರು. ಪದದ ಬೇರು ಹೀಬ್ರೂ ಭಾಷೆಯ ‘ಅ-ಮ-ನ’. ಗಟ್ಟಿಯಾಗಿರು, ಆಸರೆಯಾಗಿರು ಎಂಬುದು ಅದರ ಮೂಲಭಾವ. ನಂಬಿಗಸ್ತಿಕೆಗೆ ‘ಎಮೂನಾ’, ಸತ್ಯಕ್ಕೆ ‘ಎಮೆತ್’ ಎಂಬ ಪದಗಳೂ ಇದೇ ಬೇರಿನವು. ಕೂಸನ್ನು ಎತ್ತಿ ಸಾಕುವ ದಾದಿಗಿರುವ ‘ಓಮೆನೆತ್’ ಎಂಬ ಹೆಸರೂ ಇಲ್ಲಿಯದೇ. ಇದು ನನಗೆ ಬಹಳ ಮುಖ್ಯವೆನಿಸುತ್ತದೆ: ಬಲ, ಮಮತೆ ಎರಡೂ ಒಂದೇ ಧಾತುವಿನಲ್ಲಿವೆ. ಆದ್ದರಿಂದ ಆಮೆನ್ ಎಂದಾಗ ಭಕ್ತರು ತಮ್ಮ ಕೋರಿಕೆ ಈಡೇರಲೆಂದು ಹಾರೈಸುವುದಕ್ಕಿಂತ ಹೆಚ್ಚಾಗಿ, ತಮ್ಮನ್ನು ಸಾಕುತ್ತಿರುವ ದೇವರ ಮೇಲೆ ಭಾರ ಹಾಕುತ್ತಾರೆ.

ಹಳೆಯ ಒಡಂಬಡಿಕೆಯ ಗ್ರೀಕ್ ಅನುವಾದವೇ ಇದನ್ನು ಹಲವೆಡೆ ‘ಹಾಗೇ ಆಗಲಿ’ ಎಂದು ತಿರುಗಿಸಿದೆಯಲ್ಲ ಎಂಬ ಆಕ್ಷೇಪ ನ್ಯಾಯವಾದದ್ದೇ. ಆದರೆ ಸುವಾರ್ತೆಗಳಲ್ಲಿ ಯೇಸು ಈ ಪದವನ್ನು ಮಾತಿನ ಆರಂಭದಲ್ಲೇ ಬಳಸುತ್ತಾರೆ, ಯೋಹಾನನ ಸುವಾರ್ತೆಯಲ್ಲಂತೂ ಎರಡೆರಡು ಬಾರಿ. ಅಲ್ಲಿ ಹಾರೈಕೆಯ ಅರ್ಥ ಹೊಂದುವುದೇ ಇಲ್ಲ. ಕನ್ನಡ ಬೈಬಲ್ ಕೂಡ ಅಲ್ಲಿ ‘ನಿಜವಾಗಿ’ ಎನ್ನುತ್ತದೆ. ಮುಸ್ಲಿಮರ ‘ಆಮೀನ್’ ಇದರ ಅರಬ್ಬಿ ರೂಪ. ಕನ್ನಡದಲ್ಲಿ ಆಮೆನ್, ಆಮೇನ್ ಎರಡೂ ಬಳಕೆಯಲ್ಲಿವೆ.