ಕ್ವೇಸಾರ್ ಬೆಳಕಿನಲ್ಲಿ ಜಲಜನಕದ ನೆರಳು

ನಕ್ಷತ್ರಗಳು ಹುಟ್ಟುವುದು ಅನಿಲದಿಂದ. ಆ ಅನಿಲದ ಬಹುಪಾಲು ಜಲಜನಕ. ಆದರೆ ದೂರದ ಗ್ಯಾಲಕ್ಸಿಗಳ ತಣ್ಣನೆಯ ಜಲಜನಕವನ್ನು ನೇರವಾಗಿ ಕಾಣುವುದು ಬಲು ಕಷ್ಟ. ಅದನ್ನು ಪತ್ತೆಹಚ್ಚಲು ಖಗೋಳ ವಿಜ್ಞಾನಿಗಳು ಕಂಡುಕೊಂಡ ಮಾರ್ಗವೇ ರೇಡಿಯೋ ಹೀರಿಕೆಯ ಅಧ್ಯಯನ.

21 ಸೆಂ.ಮೀ. ರೇಖೆ

ಜಲಜನಕದ ಪರಮಾಣು ತನ್ನ ಎರಡು ಸಮೀಪದ ಶಕ್ತಿಸ್ಥಿತಿಗಳ ನಡುವೆ ಬದಲಾಗುವಾಗ 21 ಸೆಂ.ಮೀ. ತರಂಗಾಂತರದ, ಅಂದರೆ 1420.4 ಮೆಗಾಹರ್ಟ್ಸ್ ಕಂಪನಾಂಕದ ರೇಡಿಯೋ ಅಲೆಯನ್ನು ಹೊರಸೂಸುತ್ತದೆ ಅಥವಾ ಹೀರಿಕೊಳ್ಳುತ್ತದೆ. ಹಾಲೆಂಡಿನ ವಾನ್ ಡಿ ಹಲ್ಸ್ಟ್ 1944ರಲ್ಲಿ ಊಹಿಸಿದ್ದ ಈ ರೇಖೆಯನ್ನು 1951ರಲ್ಲಿ ಅಮೆರಿಕದ ಯುವೆನ್ ಮತ್ತು ಪರ್ಸೆಲ್ ಪತ್ತೆಹಚ್ಚಿದರು.

ಹೀರಿಕೆಯೇ ಏಕೆ?

ಹೊರಸೂಸುವ ಅಲೆ ದೂರ ಹೆಚ್ಚಿದಂತೆ ಕ್ಷೀಣಿಸುತ್ತದೆ. ಸುಮಾರು 880 ಕೋಟಿ ವರ್ಷಗಳ ಹಿಂದೆ ಹೊರಟ ಇಂಥ ಅಲೆಯನ್ನು ಗುರುತಿಸಿರುವುದಾಗಿ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯ ಹಾಗೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು 2023ರಲ್ಲಿ ತಿಳಿಸಿದರು. ಮಧ್ಯದಲ್ಲಿದ್ದ ಮತ್ತೊಂದು ಗ್ಯಾಲಕ್ಸಿಯ ಗುರುತ್ವವು ಮಸೂರದಂತೆ ಅದನ್ನು ಸುಮಾರು 30 ಪಟ್ಟು ಹಿಗ್ಗಿಸಿದ್ದರಿಂದ ಮಾತ್ರ ಇದು ಸಾಧ್ಯವಾಯಿತು.

ಹೀರಿಕೆಗೆ ಈ ತೊಡಕಿಲ್ಲ. ಕ್ವೇಸಾರ್ ಎಂದರೆ ದೈತ್ಯ ಕಪ್ಪುರಂಧ್ರದ ಸುತ್ತ ಪ್ರಜ್ವಲಿಸುವ ಗ್ಯಾಲಕ್ಸಿ ಕೇಂದ್ರ. ಅದರ ರೇಡಿಯೋ ಅಲೆಗಳು ನಮ್ಮತ್ತ ಬರುವಾಗ ದಾರಿಯಲ್ಲಿರುವ ಗ್ಯಾಲಕ್ಸಿಯ ಜಲಜನಕ ತನ್ನ ಪಾಲನ್ನು ಹೀರಿ ರೋಹಿತದಲ್ಲಿ ಒಂದು ತಗ್ಗನ್ನು ಉಳಿಸುತ್ತದೆ. ತಗ್ಗಿನ ಆಳವನ್ನು ನಿರ್ಧರಿಸುವುದು ಅನಿಲದ ಪ್ರಮಾಣ ಮತ್ತು ತಾಪ, ಗ್ಯಾಲಕ್ಸಿಯ ದೂರವಲ್ಲ. ತಣ್ಣನೆಯ ಅನಿಲ ಹೆಚ್ಚು ಹೀರುತ್ತದೆ.

ಮೊದಲ ಪತ್ತೆ

1973ರಲ್ಲಿ ಅಮೆರಿಕದ ಬ್ರೌನ್ ಮತ್ತು ರಾಬರ್ಟ್ಸ್ ‘3ಸಿ 286’ ಕ್ವೇಸಾರ್‌ನ ಮುಂದೆ ಇಂಥ ತಗ್ಗನ್ನು ಗುರುತಿಸಿದರು. ಅದು ಕಂಡದ್ದು 1420ರಲ್ಲಲ್ಲ, ಸುಮಾರು 839 ಮೆಗಾಹರ್ಟ್ಸ್‌ನಲ್ಲಿ. ವಿಶ್ವ ಹಿಗ್ಗುತ್ತಿರುವುದರಿಂದ ದಾರಿಯಲ್ಲಿ ಅಲೆಯೂ ಹಿಗ್ಗಿತ್ತು. ಈ ವ್ಯತ್ಯಾಸದಿಂದಲೇ ಆ ಅನಿಲ 600 ಕೋಟಿ ವರ್ಷಗಳಿಗೂ ಹಿಂದಿನದೆಂದು ಲೆಕ್ಕ ಹಾಕಲಾಗುತ್ತದೆ.

ಪುಣೆ ಸಮೀಪದ ಖೊಡದ್‌ನಲ್ಲಿ ತಲಾ 45 ಮೀಟರ್ ವ್ಯಾಸದ 30 ಆಂಟೆನಾಗಳುಳ್ಳ ದೈತ್ಯ ಮೀಟರ್‌ವೇವ್ ರೇಡಿಯೋ ದೂರದರ್ಶಕ ಈ ಶೋಧದಲ್ಲಿ ಮಹತ್ವದ ಪಾತ್ರ ವಹಿಸಿದೆ. ಬಹು ಹಿಂದಿನ ಗ್ಯಾಲಕ್ಸಿಗಳ ಅನಿಲದಲ್ಲಿ ತಣ್ಣನೆಯ ಪಾಲು ಕಡಿಮೆ ಎಂಬುದನ್ನು ಅದರ ವೀಕ್ಷಣೆಗಳು ಸೂಚಿಸಿವೆ.

ಗದ್ದಲದ ಅಪಾಯ

ಖಗೋಳ ವೀಕ್ಷಣೆಗಾಗಿ ಅಂತರರಾಷ್ಟ್ರೀಯ ನಿಯಮಗಳು 1400ರಿಂದ 1427 ಮೆಗಾಹರ್ಟ್ಸ್‌ವರೆಗಿನ ಪಟ್ಟಿಯನ್ನು ರಕ್ಷಿಸುತ್ತವೆ. ದೂರದ ಗ್ಯಾಲಕ್ಸಿಗಳ ತಗ್ಗುಗಳು ಬೀಳುವುದು ಅದರಾಚೆ, ಟಿ.ವಿ. ಹಾಗೂ ಮೊಬೈಲ್ ಸೇವೆಗಳು ಬಳಸುವ ಪಟ್ಟಿಗಳಲ್ಲಿ. ಕೋಟ್ಯಂತರ ವರ್ಷ ಪಯಣಿಸಿ ಬಂದ ಸುಳಿವನ್ನು ಸಮೀಪದ ಒಂದು ಮೊಬೈಲ್ ಗೋಪುರ ಅಳಿಸಿಹಾಕಬಲ್ಲದು. ರೇಡಿಯೋ ದೂರದರ್ಶಕಗಳನ್ನು ನಗರಗಳಿಂದ ದೂರ ಸ್ಥಾಪಿಸಲು ಇದೇ ಮುಖ್ಯ ಕಾರಣ.