ಅಡಿಯಲ್ಲಿರುವ ಹೆಸರು

ಅನಗವಾಡಿಯ ನಮ್ಮ ಶಾಲೆಯಿಂದ ಮಕ್ಕಳನ್ನು ಪಟ್ಟದಕಲ್ಲಿಗೆ ಕರೆದೊಯ್ದಾಗಲೆಲ್ಲ ವಿರೂಪಾಕ್ಷ ಗುಡಿಯ ಮೂಡಣ ಬಾಗಿಲಲ್ಲಿ ನಿಂತು ಒಂದು ಪಾಠ ಹೇಳುತ್ತೇನೆ. ಗಂಡ ಎರಡನೆಯ ವಿಕ್ರಮಾದಿತ್ಯ ಕಂಚಿಯನ್ನು ಮೂರು ಸಲ ಗೆದ್ದದ್ದರ ನೆನಪಿಗೆ ಸುಮಾರು ಕ್ರಿ.ಶ. 740ರಲ್ಲಿ ಈ ಗುಡಿ ಕಟ್ಟಿಸಿದವಳು ರಾಣಿ ಲೋಕಮಹಾದೇವಿ. ಅಲ್ಲಿಯ ಶಾಸನದಲ್ಲಿ ರಾಜ ರಾಣಿಯರ ಜೊತೆಗೆ ಸೂತ್ರಧಾರಿ ಗುಂಡನ್ ಅನಿವಾರಿತಾಚಾರಿಯ ಹೆಸರಿದೆ. ಅವನಿಗೆ ದೊರೆತ 'ತ್ರಿಭುವನಾಚಾರಿ' ಎಂಬ ಬಿರುದೂ ಇದೆ.

ಒಮ್ಮೆ ಹುಡುಗಿಯೊಬ್ಬಳು ಕೇಳಿದಳು: "ಅಕ್ಕೋರೇ, ಈಗಿನವರು ಮಾಡಿದ ಮೂರ್ತಿಗೂ ಹಿಂಗ ಹೆಸರು ಬರೀತಾರೇನ್ರೀ?"

ಆ ಪ್ರಶ್ನೆ ನನ್ನನ್ನು ಚುಚ್ಚಿತು. ನನ್ನ ತವರು ಹಳೇ ಬಾಗಲಕೋಟೆ. ಆಲಮಟ್ಟಿಯ ಹಿನ್ನೀರಿಗಾಗಿ ಮನೆ ಖಾಲಿ ಮಾಡುವಾಗ ದೇವರ ಜಗಲಿಯ ಮೇಲೆ ಕಿನ್ನಾಳದ ಕಟ್ಟಿಗೆಯ ಗೌರಿ ಇದ್ದಳು. "ಯವ್ವಾ, ಹೊಸ ಮನ್ಯಾಗ ಇದನ್ನ ಎಲ್ಲಿ ಇಡೂದು?" ಎಂದವಳು ನಾನೇ. ಹಳೇ ಸಾಮಾನಿನವನು ಎರಡು ಸ್ಟೀಲ್ ಡಬ್ಬಿ ಕೊಟ್ಟು ಒಯ್ದ. ಅವ್ವ ಆ ಡಬ್ಬಿಗಳನ್ನು ಕಡೆಯವರೆಗೂ ಬಳಸಲಿಲ್ಲ. ಕಿನ್ನಾಳದ ಚಿತ್ರಗಾರರು ಮಾಡಿದ್ದು ಎಂದಷ್ಟೇ ಗೊತ್ತು. ಯಾರು ಎಂದು ನಾನು ಕೇಳಿರಲಿಲ್ಲ.

ಅರಮನೆಗಳು ಹೋದ ಮೇಲೆ ಶಿಲ್ಪಿಗಳಿಗೆ ಕೊಳ್ಳುವವರೂ ಬದಲಾದರು. ಮೈಸೂರು ಅರಮನೆಗೆ ಕೆಲಸ ಮಾಡಿದ ಕೆ. ವೆಂಕಟಪ್ಪನವರು (1886–1965) ಗಾರೆಯಲ್ಲಿ ಉಬ್ಬುಶಿಲ್ಪ ಮಾಡಿದವರು. ಅವರ ಹೆಸರಿನ ಸರ್ಕಾರಿ ಗ್ಯಾಲರಿ ಬೆಂಗಳೂರಿನಲ್ಲಿದೆ. ಅದು ನೋಡುವ ಜಾಗ. ಮಾರುವ ಖಾಸಗಿ ಗ್ಯಾಲರಿಗಳು ಬೇರೆ. ಸುಮುಖ ಗ್ಯಾಲರಿ 1996ರಲ್ಲಿ ಶುರುವಾಯಿತು; ಇಂಥವು ಇನ್ನೂ ಹಲವು.

ಮಗಳು ನನ್ನನ್ನು ಅಂಥದೊಂದಕ್ಕೆ ಕರೆದೊಯ್ದಳು. ಮೊಳದುದ್ದದ ಕಂಚಿನ ಹೆಂಗಸು, ತಲೆಯ ಮೇಲೆ ಬುಟ್ಟಿ. ನಮ್ಮ ಸಂತೆಯ ಹಾದಿಯಲ್ಲಿ ಕಂಡವಳಂತಿದ್ದಳು. ಅಡಿಯಲ್ಲಿ ಶಿಲ್ಪಿಯ ಸಹಿ, ಪಕ್ಕದಲ್ಲಿ 3/8. ಅದು ಬೆಲೆಯೇ ಎಂದು ಕೇಳಿ ನಗೆಪಾಟಲಾದೆ. ಒಂದೇ ಅಚ್ಚಿನಿಂದ ಕಂಚನ್ನು ಎಷ್ಟು ಸಲವಾದರೂ ಎರಕ ಹೊಯ್ಯಬಹುದಂತೆ. ಇದು ಎಂಟರಲ್ಲಿ ಮೂರನೆಯದು, ಎಂಟಾದ ಮೇಲೆ ಹೊಯ್ಯುವುದಿಲ್ಲ ಎಂಬ ಮಾತಿನ ಗುರುತು ಅದು. ಕೊಟ್ಟ ಹಣದಲ್ಲಿ ಗ್ಯಾಲರಿಗೂ ಪಾಲುಂಟು. ಜಾಗ, ಪ್ರಚಾರ, ಗಿರಾಕಿ ಅವರದು.

ಎರಡು ತಿಂಗಳ ಪಗಾರ. ಬಳೆ ಮಾಡಿಸಲೆಂದು ಕೂಡಿಟ್ಟಿದ್ದೆ.

ಹಣ ಎಣಿಸಿದ ಮೇಲೆ ಬಿಲ್ ನೋಡಿದರೆ 'ಕಂಚಿನ ಶಿಲ್ಪ, ಒಂದು' ಎಂದಷ್ಟೇ ಇತ್ತು. "ಮಾಡಿದವರ ಹೆಸರು ಬರೆಯಿರಿ," ಎಂದೆ. "ಸಹಿ ಇದೆಯಲ್ಲ ಮೇಡಂ," ಎಂದಳು ಅಲ್ಲಿಯ ಹುಡುಗಿ. ಮಗಳು ಸೆರಗು ಜಗ್ಗಿದಳು. ನಾನು ಕುರ್ಚಿ ಬಿಟ್ಟು ಏಳಲಿಲ್ಲ. ಕಡೆಗೆ ಶಿಲ್ಪಿಯ ಹೆಸರು, ಮಾಡಿದ ವರ್ಷ, ಲೋಹ, ಅಳತೆ, ಎರಕದ ಸಂಖ್ಯೆ ಎಲ್ಲವನ್ನೂ ಬರೆದ ಪತ್ರ ಬಂತು. ಅದಿಲ್ಲದೆ ನಾಳೆ ನನ್ನ ಮೊಮ್ಮಕ್ಕಳೂ ಇದನ್ನು ಡಬ್ಬಿಗೆ ಬದಲು ಕೊಟ್ಟಾರು. ನೀವು ಕೊಳ್ಳುವುದಾದರೆ ಹಣಕ್ಕಿಂತ ಮೊದಲು ಪತ್ರ ಕೇಳಿರಿ. ನನ್ನಂತೆ ಆಮೇಲೆ ಜಗಳಾಡಬೇಡಿ.

ಮರುದಿನವೇ ಶಾಲೆಯ ಹುಡುಗಿಯರು ನೋಡಲು ಬಂದರು. ಪ್ರಶ್ನೆ ಕೇಳಿದ್ದವಳ ಕೈಗೇ ಮೂರ್ತಿ ಕೊಟ್ಟೆ. ತಿರುಗಿಸಿ ಗಟ್ಟಿಯಾಗಿ ಓದಿದಳು. ಹೆಸರು ಇಲ್ಲಿ ಬರೆಯುವುದಿಲ್ಲ. ಅನಗವಾಡಿಗೆ ಬಂದಾಗ ಮನೆಗೆ ಬನ್ನಿ, ನೀವೇ ತಿರುಗಿಸಿ ಓದುವಿರಂತೆ.