ಟೇಲ್‌ಎಂಡ್‌ನಲ್ಲಿದ್ದ ಸಮುದ್ರ

ಮಧ್ಯ ಏಷ್ಯಾದ ಭೂಪಟವನ್ನು ನಾನು ಮೊದಲು ಓದಿದ್ದು ತಪ್ಪಾಗಿ. ಕಝಾಕಿಸ್ತಾನ, ಉಜ್ಬೇಕಿಸ್ತಾನ, ಕಿರ್ಗಿಸ್ತಾನ, ತಜಿಕಿಸ್ತಾನ, ತುರ್ಕಮೆನಿಸ್ತಾನ: ಐದು ಬಣ್ಣ, ಐದು ದೇಶ, ಹಾಗಾಗಿ ಐದು ಚರಿತ್ರೆ ಅಂದುಕೊಂಡಿದ್ದೆ. ನನ್ನ ಮಾರ್ಗದರ್ಶಕರು, “ಮೊದಲು ಬಣ್ಣವಿಲ್ಲದ ಪಟ ನೋಡಮ್ಮ” ಎಂದರು.

ಆ ಪಟದಲ್ಲಿ ಎದ್ದು ಕಂಡದ್ದು ಎರಡು ನದಿಗಳು. ಪಾಮೀರ್ ಕಡೆಯಿಂದ ಅಮು ದರಿಯಾ, ತಿಯಾನ್ ಶಾನ್ ಕಡೆಯಿಂದ ಸಿರ್ ದರಿಯಾ. ಹಿಮ ಕರಗಿದ ನೀರನ್ನು ಹೊತ್ತು ಮರುಭೂಮಿ ದಾಟಿ ಎರಡೂ ಅರಾಲ್ ಸಮುದ್ರ ಸೇರುತ್ತಿದ್ದವು. ಹೆಸರು ಸಮುದ್ರವಾದರೂ ಅದು ಸರೋವರವೇ. ಬಯಲಿನಲ್ಲಿ ಮಳೆ ತೀರ ಕಡಿಮೆ. ಆದ್ದರಿಂದ ಬುಖಾರಾ, ಖಿವಾ, ಸಮರ್ಖಂಡದಂಥ ಊರುಗಳು ಬೆಳೆದದ್ದು ಕಾಲುವೆಯ ನೀರು ಮುಟ್ಟುವ ಕಡೆ. ಅದರಾಚೆಯ ಹುಲ್ಲುಗಾವಲಿನಲ್ಲಿ ಕುರಿ, ಕುದುರೆ ಸಾಕುವ ಅಲೆಮಾರಿಗಳಿದ್ದರು. ಇವರ ಉಣ್ಣೆ ಅವರಿಗೆ ಬೇಕು, ಅವರ ಧಾನ್ಯ ಇವರಿಗೆ ಬೇಕು.

ಇಂದಿನ ಗಡಿಗಳು ಬಹುಮಟ್ಟಿಗೆ 1924ರಿಂದ 1936ರ ನಡುವೆ ಸೋವಿಯತ್ ಸರ್ಕಾರ ಎಳೆದವು. ಬಾಬರ್ ಹುಟ್ಟಿದ ಫರ್ಗಾನಾ ಕಣಿವೆ ಮೂರು ಪಾಲಾಯಿತು. ಅವನ ಆಂದಿಜಾನ್ ಉಜ್ಬೇಕಿಸ್ತಾನಕ್ಕೆ, ಓಶ್ ಕಿರ್ಗಿಸ್ತಾನಕ್ಕೆ, ಖುಜಂದ್ ತಜಿಕಿಸ್ತಾನಕ್ಕೆ ಸೇರಿದವು. ಒಂದೇ ಒಕ್ಕೂಟ ಇರುವವರೆಗೆ ಈ ಗೆರೆಗಳು ಅಷ್ಟಾಗಿ ಕಾಡಲಿಲ್ಲ. ಕಿರ್ಗಿಸ್ತಾನದ ಟೊಕ್ತೊಗುಲ್ ಜಲಾಶಯ ಬೇಸಿಗೆಯಲ್ಲಿ ಕೆಳಗಿನ ಹತ್ತಿ ಹೊಲಗಳಿಗೆ ನೀರು ಬಿಡುತ್ತಿತ್ತು. ಚಳಿಗಾಲಕ್ಕೆ ಕೆಳಗಿನಿಂದ ಕಲ್ಲಿದ್ದಲು, ಅನಿಲ ಬರುತ್ತಿದ್ದವು. 1991ರಲ್ಲಿ ಒಕ್ಕೂಟ ಒಡೆಯಿತು, ಅನಿಲಕ್ಕೆ ದುಡ್ಡು ಕೊಡಬೇಕಾಯಿತು. ಮೇಲಿನವರು ಚಳಿಗಾಲದಲ್ಲೇ ನೀರು ಬಿಟ್ಟು ವಿದ್ಯುತ್ ಮಾಡಿಕೊಂಡರು. ಕೆಳಗಿನ ಬಯಲಿಗೆ ಚಳಿಗಾಲದಲ್ಲಿ ನೆರೆ, ಬೇಸಿಗೆಯಲ್ಲಿ ನೀರಿನ ಕೊರತೆ.

ಇಷ್ಟು ಓದಿದ ಮೇಲೆ, ಎಲ್ಲಕ್ಕೂ ಗಡಿಯೇ ಕಾರಣ ಎಂದು ಒಂದು ಅಧ್ಯಾಯ ಬರೆಯಲು ಕೂತೆ. ಆದರೆ ಅರಾಲ್ ಆ ವಾದವನ್ನು ನಿಲ್ಲಗೊಡಲಿಲ್ಲ. 1960ರಲ್ಲಿ ಸುಮಾರು 68,000 ಚದರ ಕಿಲೋಮೀಟರ್ ಹರಡಿದ್ದ ಅದು ಜಗತ್ತಿನ ನಾಲ್ಕನೆಯ ದೊಡ್ಡ ಸರೋವರ. ಹತ್ತಿಗಾಗಿ ಎರಡೂ ನದಿಗಳನ್ನು ಕಾಲುವೆಗಳಿಗೆ ತಿರುಗಿಸಿದ್ದರಿಂದ ಅದು ಬತ್ತತೊಡಗಿದ್ದು ಅದೇ ದಶಕದಲ್ಲಿ. ಆಗ ಅಲ್ಲಿ ಅಂತರರಾಷ್ಟ್ರೀಯ ಗಡಿಯೇ ಇರಲಿಲ್ಲ, ಇದ್ದದ್ದು ಒಂದೇ ಸರ್ಕಾರ.

ನಷ್ಟ ಯಾರದು ಎಂದು ಹುಡುಕಿದರೆ ಉತ್ತರ ನದಿಯ ತುದಿಯಲ್ಲಿದೆ. ಕರಕಲ್ಪಾಕ್‌ಸ್ತಾನದ ಮೊಯ್ನಾಕ್ ಮೀನುಗಾರರ ಬಂದರಾಗಿತ್ತು. ಇಂದು ಅಲ್ಲಿ ತುಕ್ಕು ಹಿಡಿದ ದೋಣಿಗಳು ಮರಳಿನ ಮೇಲೆ ನಿಂತಿವೆ. ಒಣಗಿದ ತಳದ ಉಪ್ಪು, ಧೂಳು ಗಾಳಿಗೆದ್ದು ಊರುಗಳ ಮೇಲೆ ಬೀಳುತ್ತದೆ. 2005ರಲ್ಲಿ ಕಝಾಕಿಸ್ತಾನ ಕೊಕರಾಲ್ ಒಡ್ಡು ಮುಗಿಸಿದ ಮೇಲೆ ಉತ್ತರದ ಅರಾಲ್‌ಗೆ ನೀರೂ ಮೀನೂ ಮರಳಿದವು. ಒಡ್ಡಿನ ದಕ್ಷಿಣಕ್ಕಿರುವ ಮೊಯ್ನಾಕ್‌ಗೆ ಆ ಭಾಗ್ಯವಿಲ್ಲ.

ನಮ್ಮ ಕಡೆ ಕಾಲುವೆಯ ಕೊನೆಯ ರೈತರನ್ನು ಟೇಲ್‌ಎಂಡ್‌ನವರು ಎನ್ನುತ್ತಾರೆ. ಮೇಲಿನವರೆಲ್ಲ ಬಳಸಿ ಉಳಿದರೆ ಮಾತ್ರ ಅವರಿಗೆ ನೀರು. ಅರಾಲ್ ಮಧ್ಯ ಏಷ್ಯಾದ ಟೇಲ್‌ಎಂಡ್. ಗಡಿಗಳು ಬರುವ ಮುಂಚೆಯೂ ಬಂದ ಮೇಲೂ ನೀರಿನ ಲೆಕ್ಕದಲ್ಲಿ ಅದರ ಪಾಲು ಕೊನೆಗೇ ಬಂತು. ನನ್ನ ಅಧ್ಯಾಯವನ್ನು ಈಗ ಮೊಯ್ನಾಕ್‌ನಿಂದ ಶುರುಮಾಡಿ, ನದಿಯ ಜೊತೆ ಮೇಲಕ್ಕೆ ಹೋಗುವಂತೆ ತಿದ್ದಿ ಬರೆಯುತ್ತಿದ್ದೇನೆ.